ಮಾಗಳದ ರೀಲು

ಅವ್ವನದು ಅಂತ ನನ್ನ ಹತ್ತಿರ ಇರುವುದು ಒಂದೇ ನೆನಪು. ಅಂಗಳದಲ್ಲಿ ಎತ್ತರದ ಕುರ್ಚಿಯ ಮೇಲೆ ಆಕೆ ಕೂತಿದ್ದಾಳೆ. ಕೊರಳು, ತೋಳು, ಕುರ್ಚಿಯ ಬೆನ್ನು ಎಲ್ಲ ಮಲ್ಲಿಗೆ. ಹಣೆಯ ತುಂಬ ಕುಂಕುಮ. ಯಾರೋ ನನ್ನನ್ನು ಎತ್ತಿಕೊಂಡು ಹತ್ತಿರ ಒಯ್ಯುತ್ತಾರೆ. ಆಕೆ ನನ್ನ ಕಡೆ ನಿಧಾನವಾಗಿ ತಲೆ ಬಾಗಿಸುತ್ತಾಳೆ, ಮತ್ತೆ ಎತ್ತುತ್ತಾಳೆ. ಅಷ್ಟೇ. ಸುತ್ತ ಬಹಳ ಜನ ಇದ್ದಾರೆ, ಆದರೆ ಸದ್ದಿಲ್ಲ.

ನಮ್ಮ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ಗೋಡೆಗೆ ಆನಿಸಿ ಕುಳ್ಳಿರಿಸುತ್ತಾರೆ. ಕತ್ತು ವಾಲದಂತೆ ತಲೆಗೆ ಬಟ್ಟೆಯ ಪಟ್ಟಿ ಸುತ್ತಿ ಹಿಂದಿನ ಗೂಟಕ್ಕೆ ಕಟ್ಟುತ್ತಾರೆ, ಪಟ್ಟಿ ಕಾಣದ ಹಾಗೆ ಹೂವು ಮುಡಿಸುತ್ತಾರೆ. ಕೂತಂತೆಯೇ ಹೊತ್ತು ಒಯ್ಯುತ್ತಾರೆ, ಕೂತಂತೆಯೇ ಮಣ್ಣು ಮಾಡುತ್ತಾರೆ. ಅದಕ್ಕೂ ಮೊದಲು ಬಂಧುಗಳೆಲ್ಲ ಸುತ್ತ ನಿಂತು ಒಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಎಷ್ಟೋ ಮನೆಗಳ ಪಡಸಾಲೆಯಲ್ಲಿ ಆ ಫೋಟೊ ಮದುವೆಯ ಫೋಟೊದ ಪಕ್ಕದಲ್ಲೇ ತೂಗುತ್ತಿರುತ್ತದೆ.

ಇದೆಲ್ಲ ಗೊತ್ತಿದ್ದವನಿಗೆ ತನ್ನ ನೆನಪಿನ ಮೇಲೆ ಅನುಮಾನ ಬರದೆ ಇರುತ್ತದೆಯೇ? ಬಂದಿತ್ತು. ಧಾರವಾಡದಲ್ಲಿ ಮನಃಶಾಸ್ತ್ರ ಓದುವಾಗ ಹೆಚ್ಚಾಯಿತು. ಎಳವೆಯ ನೆನಪುಗಳಲ್ಲಿ ಬಹಳಷ್ಟು ನಾವು ಆಮೇಲೆ ಕಟ್ಟಿಕೊಂಡವು, ಕೇಳಿದ್ದು, ನೋಡಿದ ಚಿತ್ರ, ಬೇಕೆನಿಸಿದ್ದು ಎಲ್ಲ ಕಲಸಿ ಆದವು ಎಂದು ಓದಿದ ದಿನ ಊಟ ಸೇರಲಿಲ್ಲ. ಅವ್ವ ತೀರಿಕೊಂಡಾಗ ನಾನು ಸರಿಯಾಗಿ ಮಾತು ಕಲಿತಿರಲಿಲ್ಲ. ಅಪ್ಪನ ಎದುರು ಆ ಮಾತು ತೆಗೆದರೆ ಎದ್ದು ಹೊರಗೆ ಹೋಗುತ್ತಿದ್ದ; ಹಾಗೆ ಎದ್ದು ಹೋಗುತ್ತಲೇ ಒಂದು ದಿನ ತಾನೂ ತೀರಿಕೊಂಡ. ನಮ್ಮ ಮನೆಯಲ್ಲಿ ಅವ್ವನನ್ನು ಕುಳ್ಳಿರಿಸಿದ ಫೋಟೊ ಇರಲಿಲ್ಲ.

ಹಾಗಿದ್ದೂ ನಾನು ಆ ನೆನಪನ್ನು ಬಿಟ್ಟುಕೊಡಲಿಲ್ಲ. ನನ್ನ ವಾದ ಸರಳವಾಗಿತ್ತು. ಕುಳ್ಳಿರಿಸಿದ ಹೆಣ ತಲೆ ಬಾಗಿಸುವುದಿಲ್ಲ. ಅವ್ವ ಬಾಗಿಸಿದಳು. ಅಂದರೆ ಅದು ಮತ್ತೊಂದು ಬಸಿರಿನ ಸೀಮಂತವೋ ಇನ್ನಾವುದೋ ಆರತಿಯ ದಿನವೋ ಇರಬೇಕು, ಆಕೆ ಬದುಕಿದ್ದಳು, ನನ್ನನ್ನು ನೋಡಿದಳು. ಪಿಎಚ್‌ಡಿಯನ್ನು ಅರ್ಧಕ್ಕೆ ಬಿಟ್ಟು, ಒಂದು ಪತ್ರಿಕೆಗೆ ಸೇರಿ, ಅದನ್ನೂ ಬಿಟ್ಟು, ಕೊನೆಗೆ ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತ ಕೊಟ್ಟೂರಿನಲ್ಲಿ ಮನೆ ಮಾಡಿದವನು ನಾನು. ಯಾವುದನ್ನೂ ಪೂರ್ತಿ ನಂಬಿದವನಲ್ಲ. ಈ ಒಂದು ತಲೆಯಾಡಿಸುವಿಕೆಯನ್ನು ನಂಬಿದ್ದೆ.

ರೀಲುಗಳ ಹುಚ್ಚು ಹತ್ತಿದ್ದು ಹರಪನಹಳ್ಳಿಯ ಒಂದು ಗುಜರಿ ಅಂಗಡಿಯಲ್ಲಿ. ಸೈಕಲ್ ರಿಮ್ಮುಗಳ ಕೆಳಗೆ ಒಂದು ಸಣ್ಣ ಪ್ರೊಜೆಕ್ಟರ್ ಬಿದ್ದಿತ್ತು.

"ಇದೇನ್ರಿ ಸರ, ಹೊಲಿಗಿ ಮಷಿನ್ನಾ?" ಎಂದು ಅಂಗಡಿಯವನೇ ನನ್ನನ್ನು ಕೇಳಿದ.

"ಸಿನಿಮಾ ತೋರ್ಸೋದು."

"ಇಷ್ಟ ಸಣ್ಣದಾ? ಇದರಾಗ ಇಲಿ ಸಿನಿಮಾ ಬರ್ತಾವನು?"

ಅದರ ಫಿಲಮು ಕಿರುಬೆರಳ ಉಗುರಿನಷ್ಟು ಅಗಲ. ಎಂಟು ಮಿಲಿಮೀಟರ್. ಒಂದು ಕಾಲದಲ್ಲಿ ಕೈಯಲ್ಲಿ ಕಾಸು ಓಡಾಡುತ್ತಿದ್ದ ಕೆಲವು ಮನೆಗಳು ಮದುವೆ, ನಾಮಕರಣ, ಹೊಸ ಟ್ರ್ಯಾಕ್ಟರನ್ನೆಲ್ಲ ಇದರಲ್ಲಿ ಹಿಡಿದಿಟ್ಟಿದ್ದವು. ಆಮೇಲೆ ವಿಡಿಯೊ ಬಂತು, ತೋರಿಸುವ ಯಂತ್ರ ಕೆಟ್ಟಿತು, ರೀಲುಗಳು ಅಟ್ಟ ಸೇರಿದವು. ನಾನು ಬಲ್ಬು ಹುಡುಕಿ, ಬೆಲ್ಟು ಬದಲಿಸಿ, ಯಂತ್ರ ಓಡುವ ಹಾಗೆ ಮಾಡಿದೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಂದು ರಜೆಯ ದಿನಗಳಲ್ಲಿ ಮನೆಮನೆ ಅಲೆದೆ. ಒಬ್ಬ ರೈತ ಮಕ್ಕಳನ್ನು ಬಿಟ್ಟು ಬರೀ ತನ್ನ ಎತ್ತುಗಳನ್ನು ತೆಗೆಸಿದ್ದ. ಇನ್ನೊಂದರಲ್ಲಿ ಮದುಮಗನಿಗಿಂತ ಹೆಚ್ಚು ಹೊತ್ತು ಫಿಯೆಟ್ ಕಾರು ಇತ್ತು.

ರೀಲು ಕೊಡಲು ಜನ ಹಿಂಜರಿಯುತ್ತಿದ್ದರು. ಅವರು ಹೇಳುತ್ತಿದ್ದ ರೀತಿ ನನಗೆ ಈಗಲೂ ಕಿವಿಯಲ್ಲಿದೆ. "ಅದರಾಗ ನಮ್ಮಪ್ಪ ಅದಾನ್ರಿ." "ನಮ್ಮ ಅಕ್ಕ ಅದಾಳ್ರಿ ಅದರಾಗ, ಜ್ವಾಪಾನ." ಇದ್ದ ಅಂತ ಯಾರೂ ಹೇಳುತ್ತಿರಲಿಲ್ಲ. ಡಬ್ಬಿಯೊಳಗೆ ಕೂತಿದ್ದಾನೆ ಎನ್ನುವ ಹಾಗೆ ಹೇಳುತ್ತಿದ್ದರು. ಬಸ್ಸಿನಲ್ಲಿ ಮಡಿಲ ಮೇಲೆ ಡಬ್ಬಿ ಇಟ್ಟುಕೊಂಡು ಬರುವಾಗ ಅದನ್ನು ತಲೆಕೆಳಗು ಮಾಡಲು ನನಗೂ ಮನಸ್ಸಾಗುತ್ತಿರಲಿಲ್ಲ.

ನಾನು ರೀಲು ಹಾಕುವುದು ಮಧ್ಯಾಹ್ನ. ಸಂಜೆ ಟ್ಯೂಷನ್ ಇರುತ್ತದೆ, ರಾತ್ರಿ ವೋಲ್ಟೇಜು ಇಳಿಯುತ್ತದೆ. ಕಿಟಕಿಗಳಿಗೆ ಕುರಿ ಉಣ್ಣೆಯ ಎರಡು ಕರಿ ಕಂಬಳಿ ಬಿಗಿದರೆ ಪಡಸಾಲೆ ಕತ್ತಲಾಗುತ್ತದೆ. ಹೊರಗೆ ಬಿಸಿಲು ಹೊಡೆಯುತ್ತಿರುವಾಗ ಒಳಗೆ ಮಾಡಿಕೊಂಡ ಆ ಕತ್ತಲು ನಿಜವಾದ ಕತ್ತಲಿನ ಹಾಗಿರುವುದಿಲ್ಲ. ಒಂದು ಕಂಬಳಿಗೆ ನುಸಿ ತಿಂದ ತೂತಿದೆ. ಅದರಿಂದ ಬಂದ ಬೆಳಕು ಎದುರು ಗೋಡೆಯ ಮೇಲೆ ಬೀದಿಯನ್ನು ತಲೆಕೆಳಗಾಗಿ ಮೂಡಿಸುತ್ತದೆ. ಕೊಡ ಹೊತ್ತ ಹೆಂಗಸೊಬ್ಬಳು ಸೂರಿನ ಅಂಚಿನಲ್ಲಿ ಕಾಲು ಮೇಲೆ ಮಾಡಿ ನಡೆದು ಹೋಗುತ್ತಾಳೆ, ಸದ್ದಿಲ್ಲದೆ. ಇದು ಬೆಳಕಿನ ಸಾಮಾನ್ಯ ನಿಯಮ ಎಂದು ಮನೆಗೆ ಬಂದವರಿಗೆಲ್ಲ ವಿವರಿಸಿದ್ದೇನೆ.

"ನಿಯಮ ಇರ್ಲಿ, ಮೊದ್ಲ ಆ ತೂತು ಹೊಲೀರಿ," ಎನ್ನುತ್ತಾಳೆ ನನ್ನ ಹೆಂಡತಿ. "ಗ್ವಾಡಿ ಮ್ಯಾಲೆ ಸತ್ತೋರು, ಸೂರಿನ್ಯಾಗ ಬದುಕಿದೋರು. ಮನಿಯಾಗ ನಾನು ಎಲ್ಲಿ ನಿಂದ್ರಲಿ?"

ಕೂಡ್ಲಿಗಿ ಕಡೆಯ ಒಂದು ಮದುವೆಯ ರೀಲು ಸಿಕ್ಕಿತ್ತು. ಅದರಲ್ಲಿನ ಮದುಮಗಳ ತಾಯಿ ಇನ್ನೂ ಇದ್ದಾಳೆಂದು ತಿಳಿದು ಹೇಳಿ ಕಳಿಸಿದೆ. ಬಸ್ಸಿನಲ್ಲಿ ಒಬ್ಬಳೇ ಬಂದಳು, ಬಹಳ ಮುದುಕಿ. ಮಗಳು ಮೊದಲ ಹೆರಿಗೆಯಲ್ಲೇ ಹೋದವಳು. ಗೋಡೆಯ ಮೇಲೆ ಮದುಮಗಳು ಮೂಡಿ ಬಾಸಿಂಗದ ಕೆಳಗೆ ಕಣ್ಣು ಮುಚ್ಚಿ ತೆರೆದಾಗ ಮುದುಕಿ ಎದ್ದಳು. ಸೊಂಟದ ಚೀಲದಿಂದ ಕುಂಕುಮದ ಕರಡಿಗೆ ತೆಗೆದು, ಬೆರಳು ನಾಲಿಗೆಗೆ ತಾಗಿಸಿ ಅದ್ದಿ, ಗೋಡೆಯ ಹತ್ತಿರ ಹೋಗಿ ಮಗಳ ಹಣೆಗೆ ಇಟ್ಟಳು. ಅಷ್ಟರಲ್ಲಿ ಮಗಳು ಪಕ್ಕಕ್ಕೆ ತಿರುಗಿದಳು. ಬೊಟ್ಟು ಗೋಡೆಯ ಮೇಲೆ ಉಳಿಯಿತು.

ಆಮೇಲೆ ನಾನು ಹಾಕಿದ ಪ್ರತಿ ರೀಲಿನಲ್ಲೂ ಆ ಬೊಟ್ಟು ಇರುತ್ತದೆ. ಎತ್ತಿನ ಕೊಂಬಿನ ನಡುವೆ ಬರುತ್ತದೆ, ಕಾರಿನ ಗಾಜಿನ ಮೇಲೆ ಬರುತ್ತದೆ, ಯಾರದೋ ಕಣ್ಣಿನ ಮೇಲೆ ಹಾಯುತ್ತದೆ. ಒರೆಸು ಎಂದರೆ ಹೆಂಡತಿ ಒಪ್ಪಲಿಲ್ಲ. "ಹೆತ್ತಾಕಿ ಇಟ್ಟಿದ್ದು, ನಾ ಮುಟ್ಟಂಗಿಲ್ಲ" ಎಂದಳು. ನಾನೂ ಒರೆಸಲಿಲ್ಲ.

ಹಡಗಲಿಯಲ್ಲಿ ಒಂದು ಹಳೆಯ ಫೋಟೊ ಸ್ಟುಡಿಯೊ ಇತ್ತು. ಈಗ ಅಲ್ಲಿ ಮೊಬೈಲು ರಿಪೇರಿ. ಕ್ಯಾಮೆರಾ ಹಿಡಿಯುತ್ತಿದ್ದ ಮುದುಕ ತೀರಿಕೊಂಡು ಬಹಳ ದಿನವಾಗಿದೆ. ಅಂಗಡಿಯಲ್ಲಿ ಕೂರುವವನು ಆತನ ಮಗ, ಅವನಿಗೂ ತಲೆ ನರೆತಿದೆ. ನಾನು ಕೇಳಿದ್ದಕ್ಕೆ ಹಿಂದಿನ ಕೋಣೆಯಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದ. ಮದುವೆಗಳು, ಒಂದು ಶಾಲೆಯ ಡ್ರಿಲ್ಲು.

"ಇಷ್ಟೇ ಏನ್ರಿ?" ಎಂದೆ.

ಆತ ನನ್ನ ಮುಖ ನೋಡಿದ. "ಕುಂದ್ರಿಸಿದ್ವು ಬ್ಯಾರೆ ಡಬ್ಬಿಯಾಗ ಅದಾವ್ರಿ. ಬೇಕೇನು?"

"ಕುಂದ್ರಿಸಿದ್ವು ಅಂದ್ರ?"

"ಹೋದೋರ್ವು. ನಮ್ಮಪ್ಪ ಹೊಸದಾಗಿ ಈ ಮಷಿನ್ ತಂದಾಗ, ಯಾರ ಸತ್ರೂ ಫೋಟೊ ಬ್ಯಾಡ, ಸಿನಿಮಾನ ತಗಿತೀನಿ ಅಂತ ಹೋಗಿಬಿಡ್ತಿದ್ದ. ರೀಲು ತೊಳ್ಯಾಕ ಬೊಂಬಾಯಿಗೆ ಕಳಿಸ್ಬೇಕಿತ್ತು. ತಿಂಗಳಾದ ಮ್ಯಾಲೆ ಪೋಸ್ಟಿನ್ಯಾಗ ವಾಪಸ್ ಬರೋರು."

ಬರೋರು ಎಂದ, ಬರೋವು ಎನ್ನಲಿಲ್ಲ.

"ಮನಿಯೋರು ಯಾಕ ಒಯ್ಯಲಿಲ್ಲ?"

"ಯಾರ್ ಒಯ್ತಾರ್ರಿ ಸರ? ಫೋಟೊ ಆದ್ರ ಗ್ವಾಡಿಗೆ ಹಾಕಬೌದು. ಫೋಟೊದಾಗ ಎಲ್ಲಾರೂ ಸುಮ್ನ ಇರ್ತಾರ, ಸತ್ತೋರು ಬದುಕಿದೋರು ಒಂದ. ಇದರಾಗ ಸುತ್ತಮುತ್ತ ಮಂದಿ ಅಲ್ಲಾಡ್ತಾರ, ನಡುವ ಅವರೊಬ್ರು ಅಲ್ಲಾಡೂದಿಲ್ಲ. ಒಂದು ಮನಿಯೋರಿಗೆ ತೋರಿಸಿದ್ದ ನಮ್ಮಪ್ಪ. ಅರ್ಧಕ್ಕ ಎದ್ದು ಹೋದ್ರು. ಆಮ್ಯಾಗ ಯಾರೂ ಬರಲಿಲ್ಲ."

ತಗಡಿನ ಡಬ್ಬಿ ತೆರೆದಾಗ ಹುಳಿ ವಾಸನೆ ಬಂತು. ಹಳೆಯ ಫಿಲಮು ಕೆಡುವಾಗ ಹಾಗೆ ನಾರುತ್ತದೆ, ತೆರೆದ ಉಪ್ಪಿನಕಾಯಿ ಭರಣಿಯ ಹಾಗೆ. ಪ್ರತಿ ರೀಲಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೀ ಊರಿನ ಹೆಸರು. ಇಟ್ಟಿಗಿ. ಹಲವಾಗಲು. ಮಾಗಳ.

ಮಾಗಳ ನನ್ನ ಅವ್ವನ ತವರು. ಆಕೆ ತೀರಿಕೊಂಡದ್ದು ಅಲ್ಲೇ.

ಒಂದು ಊರಿನಲ್ಲಿ ಎಷ್ಟು ಜನ ಸತ್ತಿರುವುದಿಲ್ಲ ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ. ಮನೆಗೆ ಬಂದು ಮೊದಲು ಇಟ್ಟಿಗಿಯ ರೀಲು ಹಾಕಿದೆ, ಆಮೇಲೆ ಹಲವಾಗಲಿನದು. ಮಾಗಳದ್ದನ್ನು ಮುಂದಕ್ಕೆ ತಳ್ಳುತ್ತಿದ್ದೇನೆ ಎಂದು ಗೊತ್ತಿತ್ತು. ಇಟ್ಟಿಗಿಯದರಲ್ಲಿ ಒಬ್ಬ ಗೌಡಿಕೆಯ ಮುದುಕ. ನೊಣ ಓಡಿಸುವ ಟವಲು ಆತನ ಮುಖದ ಮುಂದೆ ಮತ್ತೆ ಮತ್ತೆ ಹಾಯುತ್ತದೆ. ಹಳೆಯ ಫಿಲಮಿನಲ್ಲಿ ಯಾವುದೂ ಪೂರ್ತಿ ನಿಂತಿರುವುದಿಲ್ಲ. ಚಿತ್ರದ ಕಣಗಳು ಸಣ್ಣಗೆ ಕುದಿಯುತ್ತಿರುತ್ತವೆ. ಅದರಿಂದ ಮುದುಕ ಉಸಿರಾಡುತ್ತಿರುವಂತೆ ಕಾಣುತ್ತದೆ. ಇದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಫಿಲಮು ಮೋಸ ಮಾಡುತ್ತದೆ, ಹೇಗೆ ಮಾಡುತ್ತದೆ ಎಂದು ನನಗೆ ಗೊತ್ತು.

ಹಲವಾಗಲಿನದು ಬೇರೆ. ಅಲ್ಲಿ ಒಬ್ಬಾತನನ್ನು ಹರಗೋಲಿನಲ್ಲಿ ಕುಳ್ಳಿರಿಸಿಕೊಂಡು ಹೊಳೆ ದಾಟಿಸುತ್ತಿದ್ದಾರೆ. ಹರಗೋಲು ಗುಂಡಗಿನ ದೋಣಿ, ನೀರಿನ ಮೇಲೆ ತಿರುಗುತ್ತ ಸಾಗುತ್ತದೆ. ಬದುಕಿದವರು ದಡದ ಕಡೆ ಮುಖ ತಿರುಗಿಸಿಕೊಳ್ಳುತ್ತಲೇ ಇದ್ದಾರೆ. ಆತ ತಿರುಗಿಸುವುದಿಲ್ಲ. ಹರಗೋಲು ಸುತ್ತಿದಾಗಲೆಲ್ಲ ಆತ ಬೆನ್ನು ತೋರಿಸುತ್ತಾನೆ, ಮತ್ತೆ ನನ್ನ ಎದುರು ಬರುತ್ತಾನೆ. ಪ್ರತಿ ಸಲ ಇನ್ನಷ್ಟು ಸಣ್ಣವನಾಗಿ, ನೆಟ್ಟ ಕಣ್ಣಿನಲ್ಲಿ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಅಂದು ಅಡುಗೆಮನೆಯಲ್ಲಿ ರೇಡಿಯೊ ಜೋರಾಗಿಯೇ ಹಚ್ಚಿದ್ದಳು.

ಆಮೇಲೆ ಮಾಗಳಕ್ಕೆ ಫೋನು ಮಾಡಿದೆ. ಅಲ್ಲಿ ಚಿಗವ್ವ ಇದ್ದಾಳೆ, ಅವ್ವನ ತಂಗಿ. ನನ್ನನ್ನು ಐದಾರು ವರ್ಷ ಸಾಕಿದವಳು ಆಕೆಯೇ.

"ಚಿಗವ್ವಾ, ಅವ್ವ ಹೋದಾಗ ಯಾರರ ಸಿನಿಮಾ ತಗದಿದ್ರೇನು?"

ಆ ಕಡೆ ಕೋಳಿ ಕೂಗಿದ್ದು ಕೇಳಿತು.

"ಯಾರು ಹೇಳಿದ್ರಲೇ ನಿನಗ?"

"ಡಬ್ಬಿ ಸಿಕ್ಕೈತಿ."

"ಎಪ್ಪಾ, ನಾ ಬರೋತನಕ ಹಚ್ಚಬ್ಯಾಡ," ಎಂದಳು. "ನೀ ಒಬ್ಬನ ನೋಡಬ್ಯಾಡ."

ಅಲ್ಲಿಗೆ ಸೀಮಂತ, ಆರತಿ ಎಲ್ಲ ಮುಗಿಯಿತು. ಉಳಿದದ್ದು ತಲೆ ಬಾಗಿಸಿದ್ದು ಮಾತ್ರ. ಆಕೆ ಬಾಗಿಸಿದ್ದಳೋ, ಅಥವಾ ಹೆಣದ ಮುಂದೆ ಅಳುತ್ತಿದ್ದ ಕೂಸೊಂದು ತನಗೆ ಬೇಕಾದ್ದನ್ನು ಮುಂದೆ ಯಾವತ್ತೋ ಸೇರಿಸಿಕೊಂಡಿತೋ? ಫೋಟೊ ಆಗಿದ್ದರೆ ಇದಕ್ಕೆ ಉತ್ತರ ಸಿಗುತ್ತಿರಲಿಲ್ಲ. ರೀಲಿನಲ್ಲಿ ಸಿಗುತ್ತದೆ.

ಚಿಗವ್ವ ಮಾರನೆಯ ದಿನವೇ ಬಂದಳು, ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ ಹಿಡಿದುಕೊಂಡು. ಮುಡಿಯಲು ಹೆಂಡತಿಗೆ ಒಂದು ಮೊಳ ಕೊಟ್ಟು ಉಳಿದದ್ದನ್ನು ಎಲೆಯಲ್ಲೇ ಇಟ್ಟುಕೊಂಡಳು. ಊಟ ಬೇಡ ಎಂದಳು. ನಾನು ಕಂಬಳಿ ಬಿಗಿದೆ. ಆ ದಿನ ಮೋಡವಿತ್ತು, ಸೂರಿನಲ್ಲಿ ಬೀದಿ ಮೂಡಲಿಲ್ಲ. ಕಂಬಳಿ ತೇವ ಕುಡಿದು ಕುರಿಯ ವಾಸನೆ ಬಿಡುತ್ತಿತ್ತು.

ಪ್ರೊಜೆಕ್ಟರ್ ತಿರುಗತೊಡಗಿತು. ಕಪ್ಪು ಬಿಳುಪು. ಮೊದಲು ಬಾಗಿಲು, ಬಾಗಿಲ ಮುಂದೆ ಜನ. ಒಬ್ಬ ಮುದುಕ ಕ್ಯಾಮೆರಾ ನೋಡಿ ರುಮಾಲು ಸರಿಪಡಿಸಿಕೊಳ್ಳುತ್ತಾನೆ. ಆಮೇಲೆ ಚಿತ್ರ ಕಡಿದು ಅಂಗಳ ಬಂತು.

ಕುರ್ಚಿ. ಹೂವು. ಆಕೆ.

ನನ್ನ ನೆನಪಿನಲ್ಲಿ ಇದ್ದ ಹಾಗೆಯೇ ಇದ್ದಳು. ಅದು ನನಗೆ ಸಮಾಧಾನ ಕೊಟ್ಟಿತು. ಕುರ್ಚಿಯ ಬೆನ್ನಿನಿಂದ ನೆಲದವರೆಗೆ ಬಿಳಿ ಬಟ್ಟೆ ಇಳಿಬಿಟ್ಟಿದ್ದರು. ಅದರ ಹಿಂದೆ ಗೋಡೆ, ಗೋಡೆಯಲ್ಲಿ ದೀಪ ಇಡುವ ಗೂಡು. ಸುತ್ತ ಹೆಂಗಸರು ಬಾಯಿ ತೆರೆದು ಅಳುತ್ತಿದ್ದರು, ಸದ್ದಿಲ್ಲ. ಕ್ಯಾಮೆರಾ ಸ್ವಲ್ಪ ಅತ್ತಿತ್ತ ಆಡಿ ಒಂದು ಕಡೆ ನಿಂತಿತು. ನಿಂತಾಗ, ಗೋಡೆಯ ಮೇಲಿನ ಆ ಮುದುಕಿಯ ಬೊಟ್ಟು ಸರಿಯಾಗಿ ಅವ್ವನ ಹಣೆಯ ಮೇಲೆ ಬಂತು. ಅವ್ವನ ಕುಂಕುಮ ಕಪ್ಪಗಿತ್ತು. ಅದರ ನಡುವೆ ಬೊಟ್ಟು ಕೆಂಪಗೆ ಕೂತಿತು. ಆ ಇಡೀ ಚಿತ್ರದಲ್ಲಿ ಬಣ್ಣ ಇದ್ದದ್ದು ಅದೊಂದಕ್ಕೇ.

"ಅಯ್ಯಯ್ಯೋ ನಮ್ಮವ್ವಾ," ಎಂದಳು ಚಿಗವ್ವ, ಬಹಳ ಸಣ್ಣ ದನಿಯಲ್ಲಿ.

ಎಡಗಡೆಯಿಂದ ಒಬ್ಬ ಹುಡುಗಿ ಕೂಸನ್ನು ಎತ್ತಿಕೊಂಡು ಬಂದಳು. ಕೂಸು ಬೆನ್ನು ಬಿಲ್ಲು ಮಾಡಿ ಅಳುತ್ತಿತ್ತು. ನಾನು. ಹುಡುಗಿ ಕೂಸನ್ನು ಕುರ್ಚಿಯ ಹತ್ತಿರ ಹಿಡಿದಳು. ಆಗ ಅವ್ವನ ತಲೆ ನಿಧಾನವಾಗಿ ಮುಂದಕ್ಕೆ ಬಾಗಿತು. ಕೆಂಪು ಬೊಟ್ಟು ಹಣೆಯಿಂದ ಬಿಟ್ಟುಕೊಂಡು ಕೂದಲಿಗೆ ಬಂತು, ಕೂದಲಿನಿಂದ ಹೂವಿಗೆ ಬಂತು. ಅಷ್ಟರಲ್ಲಿ ಚಿತ್ರ ಮುಗಿದು ಗೋಡೆ ಬೆಳ್ಳಗಾಯಿತು.

ಹೆಂಡತಿ ನನ್ನ ತೋಳು ಹಿಡಿದುಕೊಂಡಿದ್ದಳು. ಯಾವಾಗ ಹಿಡಿದಳೋ ಗೊತ್ತಿಲ್ಲ.

ಚಿಗವ್ವ ಮಾತಾಡತೊಡಗಿದಳು. "ಅಂಜಬ್ಯಾಡ್ರಿ. ಅದು ನಾನ. ನಾನ ಮಾಡಿದ್ದು. ಕುರ್ಚಿ ಹಿಂದ, ಆ ಅರಿವಿ ಒಳಗ ಕುಂತಿದ್ದೆ. ಪಟ್ಟಿ ಸಡ್ಲ ಆಗೈತಿ, ಕತ್ತು ಹಿಡ್ಕೋ ಅಂತ ಕುಂದ್ರಿಸಿದ್ರು ನನ್ನ. ನೀ ಚೀರಾಡಿ ಅಳ್ತಿದ್ದಿ. ಹೋಗಿ ಬಾ ಅಂತ ಅನ್ನಪಾ ಅವ್ವಗ, ಅಂತ ಎಲ್ಲಾರೂ ಹೇಳಾಕ ಹತ್ತಿದ್ರು. ಕೂಸಿಗೆ ಯಾರೂ ಹ್ಞೂಂ ಅನ್ನವಲ್ರಲ್ಲ ಅಂತ ನನಗ ಸಂಕಟ ಆತು. ಹಿಂದಿಂದ ಮೆಲ್ಲಕ ಬಗ್ಗಿಸಿದೆ, ಮತ್ತ ಎತ್ತಿದೆ. ನೀ ಅಳೂದು ನಿಲ್ಲಿಸಿದಿ ನೋಡು."

ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲವಂತೆ.

ನನಗೆ ಆಗ ಆದದ್ದನ್ನು ನಿರಾಳ ಎನ್ನಬೇಕೋ ಏನೋ. ಎಲ್ಲ ಸರಿಹೊಂದಿತು. ನೆನಪು ಸುಳ್ಳಲ್ಲ, ನಾನು ಕಂಡದ್ದು ನಿಜ, ಅದಕ್ಕೆ ಕಾರಣವೂ ಇದೆ. ಆ ಕಾರಣ ನನ್ನ ಎದುರೇ ಮಲ್ಲಿಗೆಯ ಪೊಟ್ಟಣ ಹಿಡಿದು ಕೂತಿದೆ. ಅವ್ವ ನನಗೆ ತಲೆಯಾಡಿಸಲಿಲ್ಲ, ನಿಜ. ಆದರೆ ನನ್ನ ಮೇಲೆ ಪ್ರೀತಿ ಇದ್ದ ಕೈಯೊಂದು ಆಡಿಸಿತು. ಅಷ್ಟಕ್ಕೆ ಒಪ್ಪಿಕೊಳ್ಳಬಹುದು ಎನಿಸಿತು.

ಇನ್ನೊಂದು ಸಲ ಹಾಕಿ ಎಂದವಳು ಹೆಂಡತಿಯೇ. ಹಾಕಿದೆ. ಹುಡುಗಿ ಕೂಸನ್ನು ಎತ್ತಿಕೊಂಡು ಬಂದಾಗ ಹೆಂಡತಿ ಮುಂದಕ್ಕೆ ಬಗ್ಗಿ ನೋಡಿದಳು.

"ಅತ್ತೀ, ನಿಮ್ಮ ಗದ್ದದ ಮ್ಯಾಗಿನ ಹಚ್ಚಿ ಯಾವಾಗ ಹಾಕಿಸಿದ್ದು?"

"ಸಣ್ಣಾಕಿ ಇದ್ದಾಗ. ಯಾಕ?"

"ಕೂಸು ಎತ್ಕಂಡಾಕಿಗೂ ಐತಲ್ರಿ."

ಹುಡುಗಿಯ ಗದ್ದದ ಮೇಲೆ ಹಚ್ಚೆಯ ಮೂರು ಚುಕ್ಕೆಗಳು ಕಂಡವು, ಮಧ್ಯದ್ದು ಸ್ವಲ್ಪ ಕೆಳಗೆ. ಚಿಗವ್ವನ ಗದ್ದದ ಮೇಲೂ ಹಾಗೆಯೇ ಇವೆ. ಈಗ ಸುಕ್ಕಿನಲ್ಲಿ ಸೇರಿಹೋಗಿವೆ. ಆಕೆ ಬೆರಳಿನಿಂದ ಅದನ್ನು ಮುಟ್ಟಿಕೊಂಡಳು. ಗೋಡೆಯ ಮೇಲೆ ಅವ್ವನ ತಲೆ ಬಾಗಿತು, ಬೆಳ್ಳಗಾಯಿತು.

"ಅದು ನಾನಲ್ಲ," ಎಂದಳು ಚಿಗವ್ವ.

ಬೆರಳನ್ನು ಗದ್ದದಿಂದ ತೆಗೆದಳು.

"ಅಲ್ಲ... ಸೀರಿ ನಂದ ಐತಿ. ಆದ್ರ ನಾ ಹಿಂದ ಇದ್ದೆ. ನನ್ನ ಕೈಯಾಗ ಆಕಿ ಕತ್ತಿತ್ತು. ತಣ್ಣಗಿತ್ತು. ಈ ಕೈಯಾಗ." ಎರಡೂ ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿದಳು. "ಎಪ್ಪಾ, ನಾ ಮುಂದಿದ್ರ ಹಿಂದ ಕುಂತಾಕಿ ಯಾರೋ?"

ಆ ಪ್ರಶ್ನೆಯನ್ನು ಕತ್ತಲಲ್ಲಿ ಹಾಗೆಯೇ ಬಿಡಲು ನನಗಾಗಲಿಲ್ಲ. ಕಂಬಳಿ ತೆಗೆದು, ಟೀ ಕುಡಿದು, ಮತ್ತೆ ಕಂಬಳಿ ಬಿಗಿದೆ. ಹಳೆಯ ಫಿಲಮು ಕುಗ್ಗಿರುತ್ತದೆ, ಯಂತ್ರದ ಹಲ್ಲಿಗೆ ಅದರ ತೂತು ಸರಿಯಾಗಿ ಕೂರುವುದಿಲ್ಲ, ಆಗ ಇಡೀ ಚಿತ್ರ ಜಾರುತ್ತದೆ. ತಲೆ ಬಾಗಿದ್ದು ಆ ಜಾರಿಕೆ ಇರಬಹುದು. ಹಾಗಿದ್ದರೆ ಹಿಂದಿನ ಗೂಡೂ ಜಾರಬೇಕು. ನಾನು ಗೋಡೆಯ ಮೇಲೆ ಗೂಡಿನ ನಾಲ್ಕು ಮೂಲೆಗೂ ಪೆನ್ಸಿಲಿನಿಂದ ಗುರುತು ಮಾಡಿದೆ. ಮತ್ತೆ ಓಡಿಸಿದೆ. ತಲೆ ಬಾಗಿತು. ಗೂಡು ಪೆನ್ಸಿಲಿನ ಗುರುತು ಬಿಟ್ಟು ಕದಲಲಿಲ್ಲ.

ಆಮೇಲೆ ರೀಲನ್ನು ಯಂತ್ರದಿಂದ ತೆಗೆದು ಬಾಗಿಲ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ಒಂದೊಂದೇ ಚಿತ್ರ ನೋಡಿದೆ. ಕುರ್ಚಿಯ ಹಿಂದಿನ ಬಟ್ಟೆ ನೆಲದವರೆಗೂ ಇದೆ. ಅದರೊಳಗೆ ಒಬ್ಬರು ಕೂರುವಷ್ಟು ಜಾಗ ಇರಬಹುದು, ಇಲ್ಲದೆಯೂ ಇರಬಹುದು. ಕೈ ಕಾಣುವುದಿಲ್ಲ. ಬಟ್ಟೆಯ ಮಡಿಕೆ ಅಲುಗುವುದಿಲ್ಲ. ಪಟ್ಟಿ ಸಡಿಲವಾಗಿ ಹೂವಿನ ಭಾರಕ್ಕೆ ತಲೆ ತಾನೇ ಬಾಗಿರಬಹುದು. ಅದೇ ಹೆಚ್ಚು ಸಂಭವ. ನಾನು ಅದನ್ನೇ ಚಿಗವ್ವನಿಗೆ ಹೇಳಿದೆ, ಕಾಲೇಜಿನಲ್ಲಿ ಹೇಳುವ ದನಿಯಲ್ಲಿ.

"ಇರಬೌದಪ್ಪ, ನೀ ಓದಿದಾಂವ," ಎಂದಳು. "ಆದ್ರ ನಾ ಹಿಡದಿದ್ದು ಯಾರ ಕತ್ತು?"

ಹೊರಡುವಾಗ ಉಳಿದ ಮಲ್ಲಿಗೆಯನ್ನು ಗೋಡೆಯ ಬುಡದಲ್ಲಿಟ್ಟು ಹೋದಳು.

ಸ್ವಲ್ಪ ದಿನದ ನಂತರ ಆಕೆಯದೇ ಫೋನು ಬಂತು. ದನಿ ಹಗುರಾಗಿತ್ತು. "ಈಗ ನೆನಪಾತು ನೋಡು. ನಾನ ನಿನ್ನ ಎತ್ಕಂಡಿದ್ದು. ನೀ ನನ್ನ ಕಾಲಿಗೆ ಒದಿತಿದ್ದಿ. ಹಿಂದ ಕುಂತಿದ್ದು ನಾ ಅಲ್ಲ, ಅದು ಯಾರದೋ ಮನಿಯಾಗ ಆಗಿದ್ದಿರಬೇಕು. ವಯಸ್ಸಾತು, ತಲಿ ಕಲಸಿ ಹೋಗೇತಿ." ಅಂಗೈಯಲ್ಲಿ ಹಿಡಿದಿದ್ದ ತಣ್ಣನೆಯ ಕತ್ತನ್ನು ಆಕೆ ಅಷ್ಟು ಸುಲಭವಾಗಿ ಬಿಟ್ಟುಕೊಟ್ಟಳು. ನಾನು ಹ್ಞೂಂ ಎಂದೆ. ಆ ಕೂಸು ಕಾಲಿಗೆ ಒದೆಯುವುದು ರೀಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ನನ್ನದೂ ಹಾಗೆಯೇ ಆಯಿತು. ಕಣ್ಣು ಮುಚ್ಚಿ ಅವ್ವನನ್ನು ನೆನೆದರೆ ಮೊದಲು ಆಕೆ ನನ್ನ ಎದುರು, ಮೇಲೆ, ಹತ್ತಿರ ಇರುತ್ತಿದ್ದಳು. ಮಲ್ಲಿಗೆ ಬೆಳ್ಳಗೆ, ಕುಂಕುಮ ಕೆಂಪಗೆ. ಈಗ ದೂರದಿಂದ ಕಾಣುತ್ತಾಳೆ, ಕ್ಯಾಮೆರಾ ಇದ್ದ ಜಾಗದಿಂದ. ಕಪ್ಪು ಬಿಳುಪಾಗಿದ್ದಾಳೆ. ಪಕ್ಕದಲ್ಲಿ ಅಳುವ ಕೂಸೊಂದು ಕಾಣುತ್ತದೆ. ತನ್ನ ನೆನಪಿನಲ್ಲಿ ತನ್ನದೇ ಬೆನ್ನು ಯಾರಿಗೂ ಕಾಣಬಾರದು. ನನಗೆ ಕಾಣುತ್ತದೆ. ಹೀಗಾಗುತ್ತದೆ ಎಂದು ನಾನು ತರಗತಿಯಲ್ಲಿ ಪಾಠ ಮಾಡಿದ್ದೇನೆ, ಹೊಸ ಚಿತ್ರ ಹಳೆಯದನ್ನು ತಿಂದುಹಾಕುತ್ತದೆ ಎಂದು. ಗೊತ್ತಿದ್ದೇ ಡಬ್ಬಿ ತೆರೆದೆ.

ಒಂದು ಮಾತ್ರ ಉಳಿದಿದೆ. ರೀಲಿನಲ್ಲಿ ಅವ್ವನ ತಲೆ ಬಾಗುತ್ತದೆ, ಏಳುವುದಿಲ್ಲ. ಅಷ್ಟರಲ್ಲಿ ಕೀ ಕೊಟ್ಟು ಸುತ್ತಿದ್ದ ಕ್ಯಾಮೆರಾದ ಸ್ಪ್ರಿಂಗ್ ಬಿಚ್ಚಿ ಮುಗಿಯಿತೋ, ತೆಗೆಯುತ್ತಿದ್ದವನೇ ಹೆದರಿ ಕೈ ಬಿಟ್ಟನೋ. ನನ್ನ ನೆನಪಿನಲ್ಲಿ ಆಕೆ ತಲೆ ಎತ್ತಿದಳು. ಬಾಗಿದ ತಲೆ ತಾನಾಗಿ ಮೇಲೇಳಿತು, ಕಣ್ಣು ನನ್ನ ಕಣ್ಣಿನ ಮಟ್ಟಕ್ಕೆ ಬಂತು. ಹೂವಿನ ಭಾರಕ್ಕೆ ಬಾಗಿದ ತಲೆಯನ್ನು ಹೂವಿನ ಭಾರ ಎತ್ತುವುದಿಲ್ಲ. ಮತ್ತೆ ಎತ್ತಿದೆ ಎಂದಿದ್ದ ಒಬ್ಬಳೇ ಸಾಕ್ಷಿ, ಈಗ ತಾನು ಕುರ್ಚಿಯ ಹಿಂದೆ ಇರಲೇ ಇಲ್ಲ ಎನ್ನುತ್ತಾಳೆ. ಆದರೂ ಆ ಎತ್ತಿದ್ದು ನನ್ನಲ್ಲಿ ಇನ್ನೂ ಬಣ್ಣದಲ್ಲಿದೆ, ಇನ್ನೂ ಹತ್ತಿರದಲ್ಲಿದೆ. ಅದನ್ನು ತಿನ್ನಲು ರೀಲಿನ ಹತ್ತಿರ ಚಿತ್ರವಿಲ್ಲ.

ಯಾವಾಗಲಾದರೂ ಮಧ್ಯಾಹ್ನ ಹೆಂಡತಿ ಮನೆಯಲ್ಲಿ ಇಲ್ಲದಾಗ ಮಾಗಳದ ರೀಲು ಹಾಕುತ್ತೇನೆ. ತಲೆ ಬಾಗುತ್ತದೆ, ಚಿತ್ರ ಮುಗಿಯುತ್ತದೆ. ಖಾಲಿ ಬೆಳಕಿನಲ್ಲಿ ಗೋಡೆಯ ಮೇಲೆ ಕೆಂಪು ಬೊಟ್ಟೊಂದೇ ಇರುತ್ತದೆ, ಅವ್ವ ತಲೆ ಎತ್ತಿದರೆ ಹಣೆ ಎಲ್ಲಿಗೆ ಬರಬೇಕೋ ಸರಿಯಾಗಿ ಅಲ್ಲಿ. ಬಲ್ಬು ಸುಡುತ್ತದೆ ಎಂದು ಗೊತ್ತಿದ್ದೂ ನಾನು ಯಂತ್ರ ಆರಿಸುವುದಿಲ್ಲ. ಸ್ವಲ್ಪ ಹೊತ್ತು ಆ ಜಾಗವನ್ನು ನೋಡುತ್ತ ಕೂರುತ್ತೇನೆ.